ನೀರನ್ನು ಸಾಕುವ ವಿದ್ಯೆ

ಮತ್ಸ್ಯಾವತಾರದ ಕಥೆಯನ್ನು ಕೇಳದ ಮನೆ ನಮ್ಮ ನಾಡಿನಲ್ಲಿ ಇರಲಾರದು. ಮನುವು ಕೈತೊಳೆಯಲು ಎತ್ತಿಕೊಂಡ ನೀರಿನಲ್ಲಿ ಒಂದು ಮರಿಮೀನು ಸಿಕ್ಕಿ, ತನ್ನನ್ನು ಕಾಪಾಡೆಂದು ಬೇಡಿತು. ಆತನು ಅದನ್ನು ಗಡಿಗೆಯಲ್ಲಿ ಇಟ್ಟನು. ಗಡಿಗೆಯು ಸಾಲದೆ ಹೋಯಿತು. ಕೊಳದಲ್ಲಿ ಬಿಟ್ಟನು, ಕೊಳವೂ ಸಾಲದೆ ಹೋಯಿತು. ಗಂಗೆಯಲ್ಲಿ ಬಿಟ್ಟನು; ಗಂಗೆಯೂ ಇಕ್ಕಟ್ಟಾಯಿತು. ಕಟ್ಟಕಡೆಗೆ ಸಮುದ್ರವೇ ಅದಕ್ಕೆ ನೆಲೆಯಾಯಿತು. ಈ ಕಥೆಯ ಪರಮಾರ್ಥವು ಬೇರೆ. ಅದನ್ನು ಬಲ್ಲವರು ಹೇಳಲಿ. ಲೌಕಿಕನ ಕಣ್ಣಿಗೆ ತೋರುವ ಅರ್ಥವೊಂದುಂಟು: ಮೀನು ಬೆಳೆದಂತೆಲ್ಲ ಅದಕ್ಕೆ ಬೇಕಾದ ನೀರೂ ಬೆಳೆಯಬೇಕು. ಈ ನಿಯಮವನ್ನು ಮೀರುವುದಕ್ಕೆ ಮನುಷ್ಯನು ಈಚೆಗೆ ಒಂದು ಉಪಾಯವನ್ನು ಕಂಡುಕೊಂಡಿದ್ದಾನೆ. ಮೀನನ್ನು ಸಮುದ್ರದಿಂದ ಮತ್ತೆ ಗಡಿಗೆಗೆ ಕರೆತಂದು, ಗಡಿಗೆಯ ಅದೇ ನೀರನ್ನು ಹಗಲಿರುಳೂ ತೊಳೆತೊಳೆದು ಮರಳಿ ಮರಳಿ ಉಪಯೋಗಿಸುವುದೇ ಆ ಉಪಾಯ. ನೆಲದ ಮೇಲೆ, ನದಿಯ ಹಂಗಾಗಲಿ ಕಡಲಿನ ಹಂಗಾಗಲಿ ಇಲ್ಲದೆ, ಒಂದು ಚಪ್ಪರದ ಕೆಳಗೆ ತೊಟ್ಟಿಗಳನ್ನು ಕಟ್ಟಿ ಮೀನು ಸಾಕುವ ಈ ಪದ್ಧತಿಯನ್ನು ‘ಪುನರಾವರ್ತಿತ ಜಲಪದ್ಧತಿ’ಯೆಂದು ಕರೆಯಬಹುದು.

ಮೀನನ್ನು ಅಡಿಗೆಮನೆಯ ಹೊಸ್ತಿಲೊಳಕ್ಕೆ ಬಿಡದ ಮನೆಗಳಲ್ಲಿಯೂ ಈ ಪತ್ರಿಕೆಯನ್ನು ಓದುವರೆಂಬುದನ್ನು ನಾನು ಮರೆತಿಲ್ಲ. ಆದರೂ ಈ ವಿಷಯವನ್ನು ಎತ್ತಿಕೊಂಡುದಕ್ಕೆ ಕಾರಣವೆರಡು. ಮೊದಲನೆಯದು, ಇದರ ತಿರುಳು ಮೀನಲ್ಲ, ನೀರು. ಅಮರಕೋಶವು ನೀರಿಗೆ ಹೇಳುವ ಹೆಸರುಗಳಲ್ಲಿ ‘ಜೀವನ’ವೆಂಬುದೂ ಒಂದು. ಅಂತಹ ನೀರು ಕೆಡುವ ಬಗೆಯನ್ನೂ ಶುದ್ಧವಾಗುವ ಬಗೆಯನ್ನೂ ಅರಿತುಕೊಳ್ಳುವುದು ಯಾವ ಗೃಹಸ್ಥನಿಗೂ ನಿಷಿದ್ಧವಲ್ಲ. ಎರಡನೆಯದು, ನಮ್ಮ ಊರುಗಳ ತರುಣರು ಕೆಲವರು ಈಗ ಈ ಕಸಬಿನ ಮೇಲೆ ಕಣ್ಣಿಟ್ಟಿರುವರು. ಮನೆಯ ಹಿರಿಯರ ಉಳಿತಾಯವೂ ಹೆಂಗಸರ ಒಡವೆಯೂ ಅದರ ಬೆನ್ನ ಹಿಂದೆ ಹೋಗುವ ಸಂದರ್ಭಗಳುಂಟು. ಹೀಗಿರುವಲ್ಲಿ ಅದರ ಗುಟ್ಟೇನೆಂಬುದನ್ನು ದುಡಿಯುವವನೊಬ್ಬನೇ ಅಲ್ಲ, ಮನೆಯವರೆಲ್ಲರೂ ತಿಳಿದಿರುವುದು ಮೇಲು.

ಮೀನಿನ ವಿಚಾರವು ನಮ್ಮವರಿಗೆ ಹೊಸದೇನೂ ಅಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗವುಂಟು. ಮೀನುಗಳ ಜಾತಿಭೇದವನ್ನೂ ಅವುಗಳಿಗೆ ಒಡ್ಡುವ ಆಹಾರವನ್ನೂ ಅರಸನು ಅಲ್ಲಿ ವಿವರಿಸಿದ್ದಾನೆ. ಆದರೆ ಆ ಕಾಲದಲ್ಲಿ ಹೊಳೆಗಳು ತುಂಬಿ ಹರಿಯುತ್ತಿದ್ದುವು. ಮೀನಿಗಾಗಿ ನೀರನ್ನು ತೊಳೆಯಬೇಕಾದ ಪ್ರಮೇಯವು ಯಾರಿಗೂ ಬಂದಿರಲಿಲ್ಲ. ಆ ಪ್ರಮೇಯವು ಹೇಗೆ ಬಂದಿತೆಂಬುದಕ್ಕೆ ಡೆನ್ಮಾರ್ಕ್ ದೇಶದ ವೃತ್ತಾಂತವು ಒಳ್ಳೆಯ ನಿದರ್ಶನವಾಗಿದೆ.

ಆ ದೇಶದ ಜಟ್‌ಲೆಂಡ್ ಪ್ರಾಂತದಲ್ಲಿ ಟ್ರೌಟ್ ಎಂಬ ತಣ್ಣೀರಿನ ಮೀನನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೂ ಸಾಕುತ್ತ ಬಂದಿರುವರು. ತೊರೆಗೆ ಅಡ್ಡಲಾಗಿ ಒಡ್ಡನ್ನು ಕಟ್ಟಿ, ನೀರನ್ನು ಪಕ್ಕಕ್ಕೆ ತಿರುಗಿಸಿ, ಮಣ್ಣಿನ ಕೊಳಗಳ ಮೂಲಕ ಹಾಯಿಸಿ, ಮತ್ತೆ ತೊರೆಗೇ ಬಿಡುವುದು ಹಳೆಯ ಪದ್ಧತಿ. ಇದರಲ್ಲಿ ಖರ್ಚು ಕಡಮೆ, ದೋಷಗಳು ಎರಡು. ಒಡ್ಡುಗಳಿಂದಾಗಿ ಕಡಲಿನಿಂದ ಮೊಟ್ಟೆಯಿಡಲು ಹತ್ತಿ ಬರುವ ಮೀನುಗಳಿಗೆ ದಾರಿ ತಪ್ಪಿತು. ಕೊಳಗಳ ಕಶ್ಮಲವು ಸೇರಿ ಕೆಳಗಣ ತೊರೆಯು ಕೆಟ್ಟಿತು. 1989ರಲ್ಲಿ ಸರಕಾರವು ಒಂದು ಕಟ್ಟಳೆಯನ್ನು ಮಾಡಿ, ಒಂದೊಂದು ಸಾಕಣೆಯೂ ವರ್ಷಕ್ಕೆ ಇಷ್ಟೇ ಆಹಾರವನ್ನು ಮೀನಿಗೆ ಹಾಕತಕ್ಕದ್ದೆಂದು ಮಿತಿಯನ್ನು ಗೊತ್ತುಪಡಿಸಿತು. ಮೀನನ್ನಲ್ಲ, ನೀರನ್ನೂ ಅಲ್ಲ, ಆಹಾರವನ್ನು ಅಳೆದರೆಂಬುದನ್ನು ವಾಚಕರು ಗಮನಿಸಬೇಕು. ಅದರ ಮರ್ಮವು ಮುಂದೆ ತಿಳಿಯುವುದು. ಈ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿಯವರು ‘ಮಾದರಿ ಸಾಕಣೆ’ಗಳೆಂಬ ಹೊಸ ಏರ್ಪಾಟನ್ನು ಕೈಕೊಂಡರು. ನೀರನ್ನು ಗಾರೆಯ ಕಾಲುವೆಗಳಲ್ಲಿ ಸುತ್ತಿಸಿ, ಶೋಧಿಸಿ, ಗಾಳಿಯೂದಿ, ಮತ್ತೆ ಮೀನುಗಳಿಗೇ ಕೊಡುವುದು. ಹೊರಕ್ಕೆ ಹೋಗುವ ಅಲ್ಪ ನೀರನ್ನು ಹಳೆಯ ಮಣ್ಣಿನ ಕೊಳಗಳಲ್ಲಿ ಬೆಳೆಯಿಸಿದ ಜೊಂಡುಹುಲ್ಲುಗಳ ನಡುವೆ ನಿಧಾನವಾಗಿ ಹರಿಯಿಸುವುದು. ಹಿಂದೆ ಒಂದು ಕಿಲೋಗ್ರಾಂ ಮೀನಿಗೆ ಸುಮಾರು 50,000 ಲೀಟರು ನೀರು ಹರಿದುಹೋಗುತ್ತಿದ್ದಲ್ಲಿ, ಈ ಮಾದರಿಯ ಮುಂದುವರಿದ ಸಾಕಣೆಗಳಲ್ಲಿ ಸುಮಾರು 4,000 ಲೀಟರು ಸಾಕಾಯಿತು. ಪೂರ್ಣವಾಗಿ ಮನೆಯೊಳಗೇ ನಡೆಯುವ ತೊಟ್ಟಿಗಳಲ್ಲಿ ಇದು ಕೆಲವು ನೂರು ಲೀಟರುಗಳಿಗೂ ಇಳಿದಿರುವುದು.

ಇನ್ನು ನೀರು ಕೆಡುವುದು ಹೇಗೆಂಬುದನ್ನು ನೋಡೋಣ. ಮೀನು ನೀರಿನೊಳಗೆ ಉಣ್ಣುವುದು, ಉಸಿರಾಡುವುದು, ಮಲವನ್ನು ಬಿಡುವುದು; ಅದಕ್ಕೆ ಊಟದ ಮನೆಯೂ ಬಚ್ಚಲೂ ಒಂದೇ. ಉಸಿರಾಟದಿಂದ ನೀರಿನ ಪ್ರಾಣವಾಯುವು ಕರಗಿ ಇಂಗಾಲಾಮ್ಲವಾಯುವು ಹೆಚ್ಚುವುದು. ಮಲವೂ ತಿನ್ನದೆ ಉಳಿದ ಆಹಾರವೂ ಕೊಳೆಯುವುವು. ಇವೆರಡಕ್ಕಿಂತಲೂ ಮೋಸದ ಮೂರನೆಯದೊಂದುಂಟು: ಆಹಾರದ ಸಾರಜನಕದಿಂದ ಹುಟ್ಟುವ ಅಮೋನಿಯಾ. ಮೀನು ಇದನ್ನು ಬಹುಮಟ್ಟಿಗೆ ಕಿವಿರುಗಳ ಮೂಲಕವೇ ಹೊರಕ್ಕೆ ಬಿಡುವುದು. ಅದಕ್ಕೆ ಬಣ್ಣವಿಲ್ಲ, ಸ್ವಲ್ಪವಿರುವಾಗ ವಾಸನೆಯೂ ತಿಳಿಯದು. ಸ್ಫಟಿಕದಂತೆ ತಿಳಿಯಾದ ನೀರಿನಲ್ಲಿಯೂ ಮೀನು ಸಾಯುವುದು ಇದರಿಂದಲೇ. ನೀರು ಎಷ್ಟು ಕ್ಷಾರವಾಗಿರುವುದೋ ಅಷ್ಟೂ ಈ ವಿಷವು ಪ್ರಬಲವಾಗುವುದು. 25 ಡಿಗ್ರಿ ಶಾಖದಲ್ಲಿ ಪಿಎಚ್ ಎಂಬ ಮಾನವು 7 ಇರುವಾಗ ಒಟ್ಟು ಅಮೋನಿಯಾದಲ್ಲಿ ವಿಷರೂಪದಲ್ಲಿರುವುದು ನೂರಕ್ಕೆ ಅರ್ಧಪಾಲಿಗಿಂತ ತುಸು ಹೆಚ್ಚು ಮಾತ್ರ. ಮಾನವು 8 ಆದರೆ ಅದು ನೂರಕ್ಕೆ 5ನ್ನು ದಾಟುವುದು. 9 ಆದರೆ ಮೂರನೆಯ ಒಂದು ಪಾಲನ್ನೂ ಮೀರುವುದು.

ಈ ವಿಷವನ್ನು ಕಳೆಯುವವರು ಯಾರು? ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ನಮ್ಮ ದೇಶದಲ್ಲಿ ದನದ ಕೊಟ್ಟಿಗೆಗಳ ಹಳೆಯ ಮಣ್ಣಿನಿಂದ ಪೆಟ್ಲುಪ್ಪನ್ನು ತೆಗೆಯುತ್ತಿದ್ದ ಸಂಗತಿಯನ್ನು ಹಿರಿಯರು ಬಲ್ಲರು. ಗಂಜಲದ ಅಮೋನಿಯಾವು ಮಣ್ಣಿನಲ್ಲಿ ಪೆಟ್ಲುಪ್ಪಾಗುವುದೇಕೆಂಬುದು ಬಹುಕಾಲ ತಿಳಿದಿರಲಿಲ್ಲ. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬಿಬ್ಬರು ವಿಜ್ಞಾನಿಗಳು ಮರಳನ್ನೂ ಸುಣ್ಣಕಲ್ಲನ್ನೂ ತುಂಬಿದ ಒಂದು ಕೊಳವೆಯ ಮೂಲಕ ಚರಂಡಿಯ ನೀರನ್ನು ನಿಧಾನವಾಗಿ ಇಳಿಯಬಿಟ್ಟರು. ಸುಮಾರು ಇಪ್ಪತ್ತು ದಿನಗಳವರೆಗೆ ಏನೂ ನಡೆಯಲಿಲ್ಲ. ಆಮೇಲೆ ಅಮೋನಿಯಾವು ಹೋಗಿ ನೈಟ್ರೇಟು ಕಾಣಿಸಿಕೊಂಡಿತು. ಕ್ಲೋರೋಫಾರ್ಮಿನ ಆವಿಯನ್ನು ಹಾಯಿಸಿದೊಡನೆ ಕೆಲಸವು ನಿಂತುಹೋಯಿತು. ಜಡವಸ್ತುವಿಗೆ ಮತ್ತು ಬರುವುದಿಲ್ಲವಷ್ಟೆ. ಆದುದರಿಂದ ಅಲ್ಲಿ ಜೀವವಿರಬೇಕೆಂದು ಅವರು ನಿರ್ಣಯಿಸಿದರು. ಆ ಜೀವಿಗಳನ್ನು 1890ರಲ್ಲಿ ಬೇರ್ಪಡಿಸಿ ತೋರಿಸಿದವನು ರಷ್ಯಾದೇಶದ ವಿನೊಗ್ರಾಡ್‌ಸ್ಕಿ. ಒಂದು ವರ್ಗದವು ಅಮೋನಿಯಾವನ್ನು ನೈಟ್ರೈಟನ್ನಾಗಿಯೂ, ಇನ್ನೊಂದು ವರ್ಗದವು ನೈಟ್ರೈಟನ್ನು ನೈಟ್ರೇಟನ್ನಾಗಿಯೂ ಮಾರ್ಪಡಿಸುವುವು. ನೈಟ್ರೈಟೂ ವಿಷವೇ, ಮೀನಿನ ನೆತ್ತರನ್ನು ಕಂದುಬಣ್ಣಕ್ಕೆ ತಿರುಗಿಸಿ ಉಸಿರು ಕಟ್ಟಿಸುವುದು. ನೈಟ್ರೇಟಾದರೋ ಬಹುಮಟ್ಟಿಗೆ ನಿರುಪದ್ರವಿ. ಗಿಡಗಳಿಗೆ ಒಳ್ಳೆಯ ಗೊಬ್ಬರ. ಹೀಗೆ ಮೀನಿನ ತೊಟ್ಟಿಯ ಪಕ್ಕದಲ್ಲಿ ಇನ್ನೊಂದು ತೊಟ್ಟಿಯನ್ನು ಕಟ್ಟಿ ಈ ಸೂಕ್ಷ್ಮಜೀವಿಗಳನ್ನು ಸಾಕುವುದೇ ಈ ವಿದ್ಯೆಯ ಬುಡ.

ಇಂತಹ ಸಾಕಣೆಯನ್ನು ಯೋಜಿಸುವವನು ಮೊದಲು ತೊಟ್ಟಿಯ ಅಳತೆಯನ್ನು ಕುರಿತು ಯೋಚಿಸಬಾರದು. ದಿನಕ್ಕೆ ಎಷ್ಟು ಆಹಾರವನ್ನು ಹಾಕುವೆನೆಂಬುದನ್ನು ಮೊದಲು ಬರೆದುಕೊಳ್ಳಬೇಕು. ಮಿಕ್ಕ ಲೆಕ್ಕವೆಲ್ಲವೂ ಅದರಿಂದಲೇ ಹುಟ್ಟುವುದು. ಡೆನ್ಮಾರ್ಕಿನ ಸರಕಾರವು ಆಹಾರವನ್ನೇ ಅಳೆದುದರ ಮರ್ಮವಿದು. ಶಾಲೆಯ ಹಲಗೆಯ ಮೇಲೆ ಬಿಡಿಸುವಂತೆ ಒಂದು ಲೆಕ್ಕವನ್ನು ಇಲ್ಲಿ ಬಿಡಿಸಿ ನೋಡೋಣ. ಒಂದು ಲಕ್ಷ ಲೀಟರಿನ ತೊಟ್ಟಿಯಲ್ಲಿ 4,000 ಕಿಲೋಗ್ರಾಂ ಜಿಲೇಬಿ ಮೀನು ಇದೆಯೆಂದಿಟ್ಟುಕೊಳ್ಳಿ; ಎಂದರೆ 25 ಲೀಟರು ನೀರಿಗೆ ಒಂದು ಕಿಲೋಗ್ರಾಂ ಮೀನು. ಮೀನಿನ ತೂಕದ ನೂರಕ್ಕೆ ಒಂದೂವರೆ ಪಾಲಿನಂತೆ ದಿನಕ್ಕೆ 60 ಕಿಲೋಗ್ರಾಂ ಆಹಾರ ಬೇಕು. ಅದರಲ್ಲಿ ನೂರಕ್ಕೆ 35ರಷ್ಟು ಪೌಷ್ಟಿಕಾಂಶವಿದ್ದರೆ ದಿನಕ್ಕೆ ಸುಮಾರು 1.9 ಕಿಲೋಗ್ರಾಂ ಅಮೋನಿಯಾ ಸಾರಜನಕವು ನೀರಿಗೆ ಸೇರುವುದು. ಆಹಾರದ ಸುಮಾರು ಕಾಲುಪಾಲು, ಎಂದರೆ 15 ಕಿಲೋಗ್ರಾಂ, ಒಣತೂಕದ ಲೆಕ್ಕದಲ್ಲಿ ಕಸವಾಗುವುದು. ಒಂದು ಕಿಲೋಗ್ರಾಂ ಆಹಾರವನ್ನು ಅರಗಿಸಲು ಮೀನುಗಳಿಗೆ ಅರ್ಧ ಕಿಲೋಗ್ರಾಂ ಪ್ರಾಣವಾಯುವಿನಂತೆ 30 ಕಿಲೋಗ್ರಾಂ ಬೇಕು. ಅಮೋನಿಯಾವನ್ನು ಸುಡುವ ಸೂಕ್ಷ್ಮಜೀವಿಗಳಿಗೆ ಮೇಲೆ 8ರಿಂದ 9 ಕಿಲೋಗ್ರಾಂ ಬೇರೆ. ಈ ಅಂಕಿಗಳನ್ನು ಕಾಗದದ ಮೇಲೆ ಬರೆಯದೆ ಸಿಮೆಂಟನ್ನು ತರಿಸಿದವನು ಅಡಿಪಾಯವಿಲ್ಲದೆ ಮಾಳಿಗೆಯನ್ನು ಕಟ್ಟಹೊರಟವನಿಗೆ ಸಮಾನನು.

ಇನ್ನು ತೊಟ್ಟಿಯ ಆಕಾರ. ಚೌಕದ ತೊಟ್ಟಿಯು ಜಾಗವನ್ನು ಉಳಿಸುವುದು ನಿಜ. ಆದರೆ ಅದರ ಮೂಲೆಗಳಲ್ಲಿ ನೀರು ನಿಂತು ಕಸವು ಕೂಡುವುದು. ದುಂಡು ತೊಟ್ಟಿಯಲ್ಲಿ ನೀರನ್ನು ಅಂಚಿನಿಂದ ಓರೆಯಾಗಿ ಚಿಮ್ಮಿಸಿದರೆ ಇಡೀ ತೊಟ್ಟಿಯು ಮೆಲ್ಲನೆ ತಿರುಗುವುದು. ತಿರುಗುವ ನೀರು ಕಸವನ್ನು ತಾನೇ ನಡುವಿಗೆ ಗುಡಿಸಿ ತರುವುದು. ಇದನ್ನು ನಮ್ಮ ಸೋದರಿಯರು ದಿನವೂ ಕಾಣುವರು. ಚಹದ ಬಟ್ಟಲನ್ನು ಚಮಚದಿಂದ ತಿರುವಿ ಬಿಟ್ಟರೆ ಎಲೆಯ ಚೂರುಗಳು ಅಂಚಿಗೆ ಸಿಡಿಯದೆ ನಡುವಿನಲ್ಲಿ ಗುಡ್ಡೆಗೂಡುವುವು. ತಿರುಗುವ ವಸ್ತುವು ಹೊರಕ್ಕೆ ಹೋಗಬೇಕಲ್ಲವೇ, ಒಳಕ್ಕೆ ಬರುವುದೇಕೆ? ಈ ಪ್ರಶ್ನೆಯನ್ನು 1926ರಲ್ಲಿ ಐನ್‌ಸ್ಟೈನ್ ಮಹಾಶಯನೇ ಎತ್ತಿಕೊಂಡು, ನದಿಗಳು ಅಂಕುಡೊಂಕಾಗಿ ಹರಿಯುವ ಕಾರಣವನ್ನು ವಿವರಿಸುವ ಲೇಖನವೊಂದರಲ್ಲಿ ಉತ್ತರವನ್ನು ಹೇಳಿದನು. ತಳದ ನೀರು ನೆಲಕ್ಕೆ ಉಜ್ಜಿ ನಿಧಾನವಾಗುವುದರಿಂದ ಅದಕ್ಕೆ ಹೊರಕ್ಕೆ ತಳ್ಳುವ ಬಲವು ಕಡಮೆ. ಮೇಲಣ ನೀರು ಅಂಚಿಗೆ ಹೋಗಿ ಕೆಳಕ್ಕಿಳಿದು, ತಳದಲ್ಲಿ ನಡುವಿನ ಕಡೆಗೆ ಹರಿದುಬರುವುದು. ಬರುವಾಗ ಎಲೆಯ ಚೂರುಗಳನ್ನು ಎಳೆದು ತರುವುದು. ಮೀನಿನ ತೊಟ್ಟಿಯಲ್ಲಿ ಇದೇ ನ್ಯಾಯವನ್ನು ಅನುಸರಿಸಿ ನಡುವಿನ ತಳದಲ್ಲಿ ಒಂದು ಸಣ್ಣ ತೂಬನ್ನೂ, ಪಕ್ಕದ ಗೋಡೆಯಲ್ಲಿ ಒಂದು ದೊಡ್ಡ ತೂಬನ್ನೂ ಇಡುವರು. ಒಟ್ಟು ನೀರಿನ ಅಲ್ಪಭಾಗವೇ ತಳದ ತೂಬಿನಿಂದ ಹೋದರೂ ಕಸದ ಬಹುಭಾಗವು ಅದರೊಡನೆ ಹೋಗುವುದು. ಅಮೆರಿಕೆಯ ಕಾರ್ನೆಲ್ ವಿಶ್ವವಿದ್ಯಾನಿಲಯದ ಹೆಸರಿನಿಂದ ಪ್ರಸಿದ್ಧವಾದ ಎರಡು ತೂಬಿನ ತೊಟ್ಟಿಯು ಈ ಬಗೆಯದು.

ಹೀಗೆ ಬಂದ ಕಸವನ್ನು ಕೊಳೆಯಲು ಬಿಡದೆ ಕೂಡಲೇ ತೆಗೆಯಬೇಕು. ಇದಕ್ಕಾಗಿ ತಿರುಗುವ ಡ್ರಮ್ಮಿಗೆ ಸಣ್ಣ ಜಾಲರಿಯನ್ನು ಹೊದಿಸಿದ ಶೋಧಕವನ್ನು ಉಪಯೋಗಿಸುವರು. ಜಾಲರಿಯ ರಂಧ್ರವು ತಲೆಗೂದಲಿನ ದಪ್ಪಕ್ಕೆ ಹೆಚ್ಚುಕಡಮೆ ಸಮನಾಗಿರುವುದು. ಸೋಸಿದ ನೀರು ಮುಂದೆ ಸೂಕ್ಷ್ಮಜೀವಿಗಳ ತೊಟ್ಟಿಗೆ ಹರಿಯುವುದು. ಈ ಜೀವಿಗಳಿಗೆ ಅಂಟಿಕೊಂಡು ಬಾಳಲು ನೆಲೆ ಬೇಕು. ಸಾಮಾನ್ಯವಾಗಿ ಒಂದು ಚದರ ಮೀಟರು ಮೇಲ್ಮೈಯ ಜೀವಿಗಳು ದಿನಕ್ಕೆ ಅರ್ಧ ಗ್ರಾಮಿಗಿಂತ ಕಡಮೆ ಅಮೋನಿಯಾ ಸಾರಜನಕವನ್ನು ಕಳೆಯುವುವೆಂದು ಎಚ್ಚರಿಕೆಯ ಯೋಜಕನು ಲೆಕ್ಕಹಾಕುವನು. 0.4 ಗ್ರಾಮಿನಂತೆ ಹಿಡಿದರೆ ನಮ್ಮ ಉದಾಹರಣೆಯ ತೊಟ್ಟಿಗೆ ಸುಮಾರು 4,800 ಚದರ ಮೀಟರು, ಎಂದರೆ ಒಂದು ಎಕರೆಗಿಂತಲೂ ಹೆಚ್ಚು ನೆಲ ಬೇಕಾಯಿತು! ಒಂದು ಎಕರೆಯನ್ನು ಒಂದು ಕೋಣೆಯೊಳಗೆ ಮಡಿಸಿಡುವುದು ಹೇಗೆ? ಒಳಗೆ ಅಡ್ಡಗೋಡೆಗಳುಳ್ಳ ಬೆರಳುಗುರಿನಷ್ಟು ಸಣ್ಣ ಪ್ಲಾಸ್ಟಿಕ್ಕಿನ ಬಳೆಗಳನ್ನು ಮಾಡಿ ನೀರಿನಲ್ಲಿ ಕುಣಿಯಬಿಡುವರು. ಅಂತಹ ಬಳೆಗಳ ಒಂದು ಘನ ಮೀಟರಿನಲ್ಲಿ ಸುಮಾರು 500 ಚದರ ಮೀಟರು ಮೇಲ್ಮೈ ದೊರೆಯುವುದು. ಹತ್ತು ಘನ ಮೀಟರಿನಲ್ಲಿ ನಮ್ಮ ಎಕರೆಯು ಅಡಗಿಹೋಯಿತು. ಕುಣಿಯುವಾಗ ಒಂದಕ್ಕೊಂದು ಉಜ್ಜುವುದರಿಂದ ಹಳೆಯ ಲೋಳೆಯು ಕಳಚಿ ಹೊಸದಕ್ಕೆ ಎಡೆಯಾಗುವುದು.

ಈ ಜೀವಿಗಳು ಕೆಲಸ ಮಾಡುವಾಗ ನೀರಿನ ಕ್ಷಾರವನ್ನು ತಿನ್ನುವುವು. ಒಂದು ಗ್ರಾಂ ಅಮೋನಿಯಾ ಸಾರಜನಕಕ್ಕೆ ಸುಮಾರು 7 ಗ್ರಾಂ ಸುಣ್ಣಕಲ್ಲಿಗೆ ಸಮನಾದ ಕ್ಷಾರವು ವೆಚ್ಚವಾಗುವುದು. ಅದನ್ನು ತುಂಬಿಕೊಡದಿದ್ದರೆ ನೀರು ಹುಳಿಯಾಗಿ, ಜೀವಿಗಳು ಮಂದವಾಗಿ, ವಿಷವು ಸಂಗ್ರಹವಾಗುವುದು. ತುಂಬಿಕೊಡುವ ವಸ್ತುವು ಎಲ್ಲರ ಅಡಿಗೆಮನೆಯಲ್ಲಿಯೂ ಇರುವ ಸೋಡದ ಪುಡಿಯೇ. ಇಂಗಾಲಾಮ್ಲವಾಯುವನ್ನು ಹೊರಡಿಸಲು ನೀರನ್ನು ಎತ್ತರದಿಂದ ತುಂತುರಾಗಿ ಬೀಳಿಸಿ ಗಾಳಿಯನ್ನು ಬೀಸುವರು. ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ಯುವಂತೆಯೇ ಇದು. ಆದರೆ ಎತ್ತುವ ಎತ್ತರದ ವಿಷಯದಲ್ಲಿ ಲೋಭಿಯಾಗಿರಬೇಕು. ಒಂದು ಲಕ್ಷ ಲೀಟರನ್ನು ಗಂಟೆಗೊಮ್ಮೆ ಮೂರು ಮೀಟರು ಎತ್ತುವ ಪಂಪಿಗೆ, ನೂರಕ್ಕೆ 60ರಷ್ಟು ಕೆಲಸವು ಸಾರ್ಥಕವಾಗುವುದೆಂದು ಹಿಡಿದರೂ, ದಿನಕ್ಕೆ ಸುಮಾರು 33 ಯೂನಿಟ್ಟು ವಿದ್ಯುತ್ತು ಬೇಕು. ವರ್ಷಕ್ಕೆ 12,000 ಯೂನಿಟ್ಟು. ತೊಟ್ಟಿಗಳನ್ನು ಜಾಣತನದಿಂದ ಜೋಡಿಸಿ ಎತ್ತರವನ್ನು ಒಂದು ಮೀಟರಿಗೆ ಇಳಿಸಿದರೆ 11 ಯೂನಿಟ್ಟು ಸಾಕು. ಕಟ್ಟುವ ದಿನ ಮಾಡಿದ ಅಜಾಗ್ರತೆಗೆ ಪ್ರತಿದಿನವೂ ದಂಡ ತೆರಬೇಕಾಗುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತವಿಲ್ಲ. ಡೆನ್ಮಾರ್ಕಿನವರು ತಮ್ಮ ಮಾದರಿ ಸಾಕಣೆಗಳಲ್ಲಿ ಗಾಳಿಯ ಗುಳ್ಳೆಗಳಿಂದಲೇ ನೀರನ್ನು ಸ್ವಲ್ಪ ಎತ್ತಿ ಮುಂದಕ್ಕೆ ತಳ್ಳುವರು. ಪ್ರಾಣವಾಯುವನ್ನು ತುಂಬುವ ಕೆಲಸವೂ ಅದರಿಂದಲೇ ನಡೆಯುವುದು.

ಈ ಪದ್ಧತಿಯು ಸೃಷ್ಟಿಗೆ ಹಿತವೋ ಅಹಿತವೋ ಎಂಬ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರವಿಲ್ಲ. ಇದು ನೀರನ್ನು ಉಳಿಸುವುದು, ತೊರೆಯನ್ನು ಕೆಡಿಸದು; ಸಾಕಿದ ಮೀನು ತಪ್ಪಿಸಿಕೊಂಡು ಕಾಡುಮೀನುಗಳೊಡನೆ ಬೆರೆಯುವ ಭಯವೂ ಬಹಳ ಕಡಮೆ. ಸೋಸಿದ ಕಸವು ಹೊಲಕ್ಕೆ ಗೊಬ್ಬರವಾಗುವುದು. ನೈಟ್ರೇಟು ಕೂಡಿದ ನೀರನ್ನು ಸೊಪ್ಪು ತರಕಾರಿಗಳಿಗೆ ಹಾಯಿಸಬಹುದು. ಮತ್ತೊಂದು ಕಡೆಯಲ್ಲಿ, ನದಿಯು ಪುಕ್ಕಟೆಯಾಗಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ವಿದ್ಯುತ್ತಿನಿಂದ ಮಾಡಿಸಬೇಕು. ಆ ವಿದ್ಯುತ್ತು ಕಲ್ಲಿದ್ದಲಿನಿಂದ ಬಂದರೆ ನೀರಿನಲ್ಲಿ ಉಳಿಸಿದ ಪುಣ್ಯವನ್ನು ಆಕಾಶದಲ್ಲಿ ಕಳೆದಂತಾಗುವುದು. ಸಾಲ್ಮನ್ ಮೊದಲಾದ ಮಾಂಸಾಹಾರಿ ಮೀನುಗಳ ಆಹಾರಕ್ಕಾಗಿ ಪೆರು ದೇಶದ ಕಡಲಿನಲ್ಲಿ ಸಣ್ಣ ಮೀನುಗಳನ್ನು ಹಿಡಿದು ಪುಡಿಮಾಡುವರು. ಅಲ್ಲಿಗೆ ಮತ್ಸ್ಯನ್ಯಾಯವು ಕಾರ್ಖಾನೆಯ ಮೂಲಕ ಮುಂದುವರಿಯಿತೆಂದೇ ಅರ್ಥ. ಜಿಲೇಬಿ ಮೀನಿನಂತಹವು ಬಹುಮಟ್ಟಿಗೆ ಸೋಯಾ ಮೊದಲಾದ ಧಾನ್ಯಗಳ ಹಿಂಡಿಯಿಂದ ಬೆಳೆಯಬಲ್ಲುವಾದುದರಿಂದ ಈ ದೋಷವು ಅವುಗಳಲ್ಲಿ ಕಡಮೆ.

ಇನ್ನು ಅಪಾಯದ ಮಾತು. ಒಂದು ಲೀಟರು ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಪ್ರಾಣವಾಯುವಿದ್ದರೆ, ನಮ್ಮ ಬೇಸಗೆಯ ಒಂದು ಲೀಟರು ನೀರು ಗಾಳಿಯಿಂದ ಹೀರಿ ಹಿಡಿಯಬಲ್ಲುದು ಸುಮಾರು 8 ಮಿಲಿಗ್ರಾಂ. ತೊಟ್ಟಿಯಲ್ಲಿ ಲೀಟರಿಗೆ 6 ಮಿಲಿಗ್ರಾಂ ಇದೆಯೆನ್ನಿ. ಲಕ್ಷ ಲೀಟರಿನಲ್ಲಿ 600 ಗ್ರಾಂ ಆಯಿತು. ಮೇಲಣ ಲೆಕ್ಕದಂತೆ ಮೀನುಗಳಿಗೆ ದಿನಕ್ಕೆ 30 ಕಿಲೋಗ್ರಾಂ, ಎಂದರೆ ಗಂಟೆಗೆ 1,250 ಗ್ರಾಂ ಬೇಕು. ಪಂಪು ನಿಂತರೆ ತೊಟ್ಟಿಯ ಪ್ರಾಣವಾಯುವೆಲ್ಲವೂ ಅರ್ಧ ಗಂಟೆಯೊಳಗೆ ಮುಗಿಯುವುದು. ಮೀನುಗಳು ಅದಕ್ಕಿಂತ ಮೊದಲೇ ಮುಗಿಯುವುವು. ಕೆರೆಯ ಮೀನುಗಾರನು ರಾತ್ರಿ ನಿದ್ರಿಸಬಹುದು. ಈತನು ಅರ್ಧ ಗಂಟೆಯ ಸಾಲದ ಮೇಲೆ ಬದುಕುವವನು. ದೊಡ್ಡ ಬಂಡವಾಳಗಾರರಿಗೂ ಈ ನಿಯಮದಿಂದ ವಿನಾಯಿತಿಯಿಲ್ಲ. ಅಮೆರಿಕೆಯ ಫ್ಲಾರಿಡ ಪ್ರಾಂತದ ಹೋಮ್‌ಸ್ಟೆಡ್ ಎಂಬಲ್ಲಿ ಅಟ್ಲಾಂಟಿಕ್ ಸಫಾಯರ್ ಎಂಬ ಸಂಸ್ಥೆಯು ಬಹು ದೊಡ್ಡ ಸಾಲ್ಮನ್ ಸಾಕಣೆಯನ್ನು ಕಟ್ಟಿ, 2020ರ ಸೆಪ್ಟೆಂಬರಿನಲ್ಲಿ ಮೊದಲ ಬೆಳೆಯನ್ನು ಮಾರುಕಟ್ಟೆಗೆ ಕಳುಹಿಸಿತು. 2021ರ ಮಾರ್ಚಿಯಲ್ಲಿ ಸುಮಾರು 500 ಟನ್ನು ಮೀನು ಒಮ್ಮೆಗೇ ಸತ್ತುಹೋಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಡೆನ್ಮಾರ್ಕಿನಲ್ಲಿದ್ದ ಅದೇ ಸಂಸ್ಥೆಯ ಸಾಕಣೆಯು ಬೆಂಕಿಗೆ ಆಹುತಿಯಾಯಿತು. ಉಪ್ಪುನೀರಿನ ಸಾಕಣೆಗಳಲ್ಲಿ ಕಸವು ಮೂಲೆಯಲ್ಲಿ ಉಳಿದು ಕೊಳೆತರೆ ಗಂಧಕದ ವಿಷವಾಯುವು ಹುಟ್ಟಿ, ಅದು ಬಹು ಅಲ್ಪಪ್ರಮಾಣದಲ್ಲಿಯೇ ಮೀನುಗಳನ್ನು ಕೊಲ್ಲುವುದು.

ಬದುಕಿ ಬೆಳೆದ ಮೀನಿಗೂ ಒಂದು ಪರೀಕ್ಷೆಯುಂಟು. ಮೊದಲ ಮಳೆಯು ಬಿದ್ದಾಗ ಭೂಮಿಯಿಂದ ಏಳುವ ಸುಗಂಧವನ್ನು ಮೆಚ್ಚದವರಿಲ್ಲ. ಆ ವಾಸನೆಗೆ ಕಾರಣವಾದ ಜಿಯೋಸ್ಮಿನ್ ಎಂಬ ವಸ್ತುವನ್ನು ಮಾಡುವ ಸೂಕ್ಷ್ಮಜೀವಿಗಳು ಈ ತೊಟ್ಟಿಗಳಲ್ಲಿಯೂ ಬೆಳೆಯುವುವು. ಮಣ್ಣಿನಲ್ಲಿ ಹಿತವಾದ ವಾಸನೆಯು ತಟ್ಟೆಯಲ್ಲಿ ಅಹಿತ. ಮೀನು ಮಣ್ಣುಮಣ್ಣೆಂದು ಕೊಂಡವರು ದೂರುವರು. ಆದುದರಿಂದ ಮಾರುವ ಮೊದಲು ಕೆಲವು ದಿನ ಅವುಗಳಿಗೆ ಆಹಾರವನ್ನು ನಿಲ್ಲಿಸಿ, ಬೇರೆಯ ಶುದ್ಧವಾದ ನೀರಿನಲ್ಲಿ ಇಟ್ಟು ಆ ವಾಸನೆಯನ್ನು ಕಳೆಯಬೇಕು. ಅದಕ್ಕೂ ಒಂದು ತೊಟ್ಟಿ, ಅದಕ್ಕೂ ನೀರು, ಅದಕ್ಕೂ ಖರ್ಚು.

ಕೋಲಾರದ ಕಡೆಯ ಒಬ್ಬ ತಾಯಿ ಈ ಪತ್ರಿಕೆಗೆ ಬರೆದ ಕಾಗದವು ನನ್ನ ಮುಂದಿದೆ. ಆಕೆಯ ಮಗನು ಪಟ್ಟಣದ ನೌಕರಿಯನ್ನು ಬಿಟ್ಟು ಬಂದು, ಬಾವಿ ಬತ್ತಿದ ಹೊಲದಲ್ಲಿ ಇಂತಹ ಸಾಕಣೆಯನ್ನು ಕಟ್ಟುವೆನೆನ್ನುವನು. ಅದಕ್ಕಾಗಿ ತಾಯಿಯ ಹೆಸರಿನಲ್ಲಿರುವ ಎರಡು ಎಕರೆಯನ್ನು ಅಡವಿಡಬೇಕೆನ್ನುವನು. ಸರಕಾರದ ಸಹಾಯಧನವು ಬರುವುದೆಂದೂ, ಹೆಂಗಸರ ಹೆಸರಿನಲ್ಲಿ ಮಾಡಿದರೆ ಹೆಚ್ಚು ದೊರೆಯುವುದೆಂದೂ ಯಾರೋ ಹೇಳಿರುವರಂತೆ. ರುಜು ಮಾಡಲೋ ಬೇಡವೋ ಎಂದು ಆಕೆ ಕೇಳುವರು. ಸಹಾಯಧನದ ಮಾತು ಸುಳ್ಳಲ್ಲ. ಕೇಂದ್ರ ಸರಕಾರವು 2020ರಲ್ಲಿ ಆರಂಭಿಸಿದ ಪ್ರಧಾನಮಂತ್ರಿ ಮತ್ಸ್ಯಸಂಪದ ಯೋಜನೆಯು ಈ ಬಗೆಯ ಸಾಕಣೆಗಳಿಗೂ ನೆರವನ್ನು ಗೊತ್ತುಮಾಡಿತು. ಗೊತ್ತಾದ ವೆಚ್ಚದಲ್ಲಿ ಸಾಮಾನ್ಯರಿಗೆ ನೂರಕ್ಕೆ 40, ಸ್ತ್ರೀಯರಿಗೂ ಪರಿಶಿಷ್ಟ ಜಾತಿ ಪಂಗಡಗಳವರಿಗೂ ನೂರಕ್ಕೆ 60. ಆದರೆ ತಾಯೀ, ಸಹಾಯಧನವು ಸಾಲವನ್ನು ಕಡಮೆ ಮಾಡಬಲ್ಲುದೇ ಹೊರತು ನೀರನ್ನು ತೊಳೆಯಲಾರದು. ನಿಮ್ಮ ರುಜುವಿನ ಮೇಲೆ ಕಟ್ಟುವ ಸಾಕಣೆಯು ಮುಳುಗಿದರೆ ಸಾಲವು ನಿಮ್ಮದೇ ಆಗುವುದು. ಆದುದರಿಂದ ಮಗನನ್ನು ಬೇಡವೆನ್ನುವ ಮೊದಲಾಗಲಿ ಹೂಂ ಎನ್ನುವ ಮೊದಲಾಗಲಿ ಎದುರಿಗೆ ಕುಳ್ಳಿರಿಸಿಕೊಂಡು ನಾಲ್ಕು ಪ್ರಶ್ನೆಗಳನ್ನು ಕೇಳಿರಿ.

ಮೊದಲನೆಯದು: ‘ದಿನಕ್ಕೆ ಎಷ್ಟು ಕಿಲೋಗ್ರಾಂ ಆಹಾರ ಹಾಕುವೆಯಪ್ಪಾ? ಆ ಆಹಾರದಿಂದ ಹುಟ್ಟುವ ಅಮೋನಿಯಾ ಎಷ್ಟು, ಬೇಕಾಗುವ ಪ್ರಾಣವಾಯು ಎಷ್ಟು?’ ತೊಟ್ಟಿಗಳನ್ನು ಮಾರುವವನು ಹೇಳಿದ ಉತ್ತರವು ಸಲ್ಲದು. ಮಗನೇ ಲೆಕ್ಕವನ್ನು ಬಿಡಿಸಿ ತೋರಿಸಬೇಕು. ಎರಡನೆಯದು: ‘ರಾತ್ರಿ ಎರಡು ಗಂಟೆಗೆ ವಿದ್ಯುತ್ತು ಹೋದರೆ ಯಾರು ಏಳುವರು? ಜನರೇಟರು ತಾನೇ ಹೊತ್ತಿಕೊಳ್ಳುವುದೋ? ಅದು ಕೈಕೊಟ್ಟರೆ ಪ್ರಾಣವಾಯುವಿನ ಸಿಲಿಂಡರು ಎಲ್ಲಿದೆ?’ ಮೂರನೆಯದು: ‘ನಿನ್ನ ಮೀನಿಗೆ ಬೀಳುವ ಅಸಲು ಎಷ್ಟು? ಕೆರೆಯ ಮೀನನ್ನು ಅಗ್ಗವಾಗಿ ಕೊಳ್ಳುವ ಜನರು ನಿನ್ನ ಮೀನಿಗೆ ಹೆಚ್ಚಿನ ಬೆಲೆಯನ್ನು ಏಕೆ ಕೊಡುವರು?’ ಕಾಟ್ಲ ರೋಹುಗಳಂತಹ ಕೆರೆಯ ಮೀನುಗಳನ್ನು ಇಷ್ಟು ವೆಚ್ಚದ ನೀರಿನಲ್ಲಿ ಬೆಳೆಸಿ ಗೆಲ್ಲುವುದು ಬಹು ಕಷ್ಟ. ಜೀವಂತವಾಗಿ ಮಾರತಕ್ಕ, ಊರಿನ ಹತ್ತಿರವೇ ಒಳ್ಳೆಯ ಬೆಲೆ ಬರತಕ್ಕ ಜಾತಿಯಾಗಿರಬೇಕು. ನಾಲ್ಕನೆಯದು: ‘ನಡೆಯುತ್ತಿರುವ ಒಂದು ಸಾಕಣೆಯಲ್ಲಿ ಒಂದು ಬೆಳೆಯ ಕಾಲವಾದರೂ ಆಳಾಗಿ ದುಡಿದು ನೋಡಿದೆಯಾ?’ ಓದಿ ಕಲಿಯಲು ಮಂಗಳೂರಿನಲ್ಲಿ 1969ರಲ್ಲಿ ಸ್ಥಾಪಿತವಾದ ಮೀನುಗಾರಿಕೆ ಕಾಲೇಜುಂಟು. ಆದರೆ ಸತ್ತ ಮೀನನ್ನು ಬುಟ್ಟಿಯಲ್ಲಿ ಹೊತ್ತು ಹಾಕಿದ ಅನುಭವವು ಯಾವ ಪುಸ್ತಕದಲ್ಲಿಯೂ ಸಿಕ್ಕದು.

ನಾಲ್ಕಕ್ಕೂ ಸರಿಯಾದ ಉತ್ತರವು ಬಂದಿತೆನ್ನಿ. ಆಗಲೂ ಭೂಮಿಯನ್ನು ಅಡವಿಡುವುದು ಬೇಡ. ಕಳೆದುಹೋದರೂ ಒಲೆಯು ಆರದಷ್ಟು ಹಣದಿಂದ ಒಂದು ಸಣ್ಣ ತೊಟ್ಟಿಯನ್ನು ಕಟ್ಟಲಿ. ಎರಡು ಬೆಳೆಗಳನ್ನು ತೆಗೆದು ತೋರಿಸಲಿ. ಆ ತೊಟ್ಟಿಯಲ್ಲಿಯೂ ಮೊದಲ ದಿನವೇ ಮೀನನ್ನು ತುಂಬದಿರಲಿ. ಸೂಕ್ಷ್ಮಜೀವಿಗಳು ನೆಲೆಗೊಳ್ಳಲು ನಾಲ್ಕರಿಂದ ಎಂಟು ವಾರಗಳು ಬೇಕು. ಶ್ಲೋಸಿಂಗನ ಕೊಳವೆಯಲ್ಲಿ ಕಂಡ ಇಪ್ಪತ್ತು ದಿನಗಳ ಮೌನವನ್ನು ಆತುರಗಾರರು ಮರೆಯುವರು. ಸಾಲದ ಬಡ್ಡಿಯು ಮೊದಲ ದಿನದಿಂದಲೇ ಓಡುವುದು. ಸೂಕ್ಷ್ಮಜೀವಿಗಳು ಯಾರ ಬಡ್ಡಿಗೂ ಹೆದರಿ ಓಡವು.

ಈ ಪಾಠವನ್ನು ಕಲಿಯಲು ಎಲ್ಲರೂ ಸಾಕಣೆಯನ್ನೇ ಕಟ್ಟಬೇಕಾಗಿಲ್ಲ. ಅನೇಕ ಮನೆಗಳಲ್ಲಿ ಮಕ್ಕಳಿಗಾಗಿ ಗಾಜಿನ ತೊಟ್ಟಿಯಲ್ಲಿ ಹೊಂಬಣ್ಣದ ಮೀನುಗಳನ್ನು ಸಾಕುವರು. ಎರಡು ಮೂರು ವಾರಗಳಲ್ಲಿ ಮೀನುಗಳು ಒಂದೊಂದಾಗಿ ಸಾಯುವುವು; ಮಕ್ಕಳು ಅಳುವರು; ಯಾರದೋ ದೃಷ್ಟಿ ತಾಗಿತೆಂದು ದೊಡ್ಡವರು ಸಮಾಧಾನ ಹೇಳುವರು. ತಾಗಿದುದು ದೃಷ್ಟಿಯಲ್ಲ, ಅಮೋನಿಯಾ. ಹೊಸ ತೊಟ್ಟಿಗೆ ಒಂದೆರಡು ಮೀನುಗಳನ್ನು ಮಾತ್ರ ಬಿಟ್ಟು, ಚಿಟಿಕೆಯಷ್ಟೇ ಆಹಾರವನ್ನು ಹಾಕಿ, ಕೆಲವು ವಾರ ಕಾದ ಬಳಿಕ ಮಿಕ್ಕವನ್ನು ತರಬೇಕು. ಶೋಧಕದ ಸ್ಪಂಜನ್ನು ನಲ್ಲಿಯ ನೀರಿನಲ್ಲಿ ತಿಕ್ಕಿ ತೊಳೆಯಬಾರದು. ನಲ್ಲಿಯ ನೀರಿನ ಕ್ಲೋರೀನು ಒಳ್ಳೆಯ ಜೀವಿಗಳನ್ನು ಕೊಲ್ಲುವುದು. ತೊಟ್ಟಿಯಿಂದಲೇ ಸ್ವಲ್ಪ ನೀರನ್ನು ತೆಗೆದು ಅದರಲ್ಲಿ ಮೆಲ್ಲಗೆ ಅದ್ದಿ ಹಿಂಡಿದರೆ ಸಾಕು. ಹತ್ತು ವರ್ಷದ ಮಗುವಿಗೆ ಈ ಮಾತನ್ನು ತಿಳಿಯಹೇಳಿದರೆ ಅದು ರಸಾಯನಶಾಸ್ತ್ರದ ಮೊದಲ ಪಾಠವನ್ನು ಯಾವ ಗುರುವಿನ ಬೆತ್ತವೂ ಇಲ್ಲದೆ ಕಲಿತಂತಾಯಿತು.

ಮೀನು ಸಾಕುವೆನೆಂದು ಹೊರಡುವವನು ನಿಜವಾಗಿ ಸಾಕಬೇಕಾದುದು ನೀರನ್ನು. ನೀರು ಸ್ವಸ್ಥವಾಗಿದ್ದರೆ ಮೀನು ತಾನಾಗಿ ಬೆಳೆಯುವುದು. ಇದಿಷ್ಟನ್ನು ಮನೆಯವರೆಲ್ಲರೂ ಕೂಡಿ ಓದಿ, ಸಾಕಣೆಯ ಆಸೆಯುಳ್ಳ ತರುಣನು ಮನೆಯಲ್ಲಿದ್ದರೆ ಆತನ ಕೈಗೆ ಒಂದು ಸೀಸದ ಕಡ್ಡಿಯನ್ನೂ ಹಾಳೆಯನ್ನೂ ಕೊಟ್ಟು ಮೇಲಣ ಲೆಕ್ಕವನ್ನು ತನ್ನ ಅಂಕಿಗಳಿಂದ ಬಿಡಿಸಹೇಳಬೇಕೆಂದು ಪ್ರಾರ್ಥಿಸುವೆನು. ಅಲಮತಿವಿಸ್ತರೇಣ.